ಮೂಕತೆರೆಯ ಆದಿಶಿಲ್ಪಿ ದಾದಾಸಾಹೇಬ ಫಾಳಕೆ

1995ನೆಯ ಸಾಲಿನ ದಾದಾಸಾಹೇಬ ಫಾಳಕೆ ಪ್ರಶಸ್ತಿಯು ಡಾ. ರಾಜಕುಮಾರ್ ಅವರಿಗೆ ಸಂದಿತು. 2008ನೆಯ ಸಾಲಿನದು ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೆ ದೊರೆಯಿತು. ಪ್ರಶಸ್ತಿಯ ಮೂಲಕ ಫಾಳಕೆಯವರ ಹೆಸರು ಕನ್ನಡಿಗರಿಗೆ ಚಿರಪರಿಚಿತವಾಗಿದೆ. ಅವರ ಬದುಕು ಅಷ್ಟು ಪರಿಚಿತವಲ್ಲ. ಭಾರತೀಯ ಚಿತ್ರರಂಗದ ಪಿತಾಮಹರೆಂಬ ಬಿರುದನ್ನು ಕೇಳಿದವರಿಗೆ, ಒಬ್ಬ ಮಹನೀಯರಿಗೆ ಒಂದು ದಿನ ಸ್ಫೂರ್ತಿ ಬಂದು ಇಲ್ಲಿ ಸಿನೆಮಾ ಹುಟ್ಟಿತೆಂಬ ಭಾವನೆ ಮೂಡುವುದು ಸಹಜ. ನಿಜಸಂಗತಿ ಬೇರೆ. ನಲವತ್ತರ ವಯಸ್ಸಿನವರೆಗೆ ಒಂದರ ಮೇಲೊಂದು ಕಸಬನ್ನು ಕಲಿತು ಯಾವುದರಲ್ಲಿಯೂ ನೆಲೆನಿಲ್ಲದ ವ್ಯಕ್ತಿಯೊಬ್ಬರು ಆ ಎಲ್ಲ ಕಸಬುಗಳನ್ನು ಒಂದೆಡೆ ಕೂಡಿಸಿದುದರಿಂದಲೂ, ಅದಕ್ಕಾಗಿ ಒಂದು ಸಂಸಾರವೇ ದುಡಿದುದರಿಂದಲೂ ಆ ಕಲೆ ಈ ನೆಲದಲ್ಲಿ ಬೇರುಬಿಟ್ಟಿತು.

ಶಾಸ್ತ್ರಿಗಳ ಮಗ

ಧುಂಡಿರಾಜ ಗೋವಿಂದ ಫಾಳಕೆಯವರು 1870ರ ಏಪ್ರಿಲ್ 30ರಂದು ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ತಂದೆ ಗೋವಿಂದ ಸದಾಶಿವ ಫಾಳಕೆಯವರು ದಾಜೀಶಾಸ್ತ್ರಿಗಳೆಂದು ಪ್ರಸಿದ್ಧರಾದ ಸಂಸ್ಕೃತ ವಿದ್ವಾಂಸರು, ತಾಯಿ ದ್ವಾರಕಾಬಾಯಿ. ಪುರಾಣಗಳ ಕಥೆ, ಸಂಸ್ಕೃತದ ಶ್ಲೋಕ, ಮಂತ್ರಪಾಠಗಳ ನಡುವೆ ಬಾಲಕ ಬೆಳೆದ. ದಾಜೀಶಾಸ್ತ್ರಿಗಳಿಗೆ ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಅಧ್ಯಾಪಕರ ಹುದ್ದೆ ದೊರೆತುದರಿಂದ ಕುಟುಂಬವು ಆ ಮಹಾನಗರಕ್ಕೆ ಬಂದಿತು. ಮಗನು ವೇದಶಾಸ್ತ್ರಗಳ ದಾರಿ ಹಿಡಿಯಲಿಲ್ಲ. 1885ರಲ್ಲಿ ಜೆ. ಜೆ. ಕಲಾಶಾಲೆಯನ್ನು ಸೇರಿದ. ಆದರೂ ಬಾಲ್ಯದಲ್ಲಿ ಕಿವಿಗೆ ಬಿದ್ದ ಹರಿಶ್ಚಂದ್ರ, ಸಾವಿತ್ರಿ, ಕೃಷ್ಣರ ಕಥೆಗಳು ಅವರನ್ನು ಬಿಡಲಿಲ್ಲ. ಮುಂದೆ ಅವರು ತೆಗೆದ ಚಿತ್ರಗಳೆಲ್ಲ ಬಹುಮಟ್ಟಿಗೆ ಅದೇ ಭಂಡಾರದಿಂದ ಬಂದವು.

ಮುಂಬಯಿಯ ಬಳಿಕ ಬಡೋದೆಯ ಕಲಾಭವನ. ಅಲ್ಲಿ ತೈಲವರ್ಣ, ಜಲವರ್ಣ, ಶಿಲ್ಪ, ವಾಸ್ತುರಚನೆ ಮತ್ತು ಛಾಯಾಚಿತ್ರಣಗಳ ಅಭ್ಯಾಸ ನಡೆಯಿತು. ಕಲಾಭವನದ ಮುಖ್ಯಸ್ಥರಾಗಿದ್ದ ಗಜ್ಜರ್ ಅವರು ಈ ಉತ್ಸಾಹಿ ತರುಣನನ್ನು ರತಲಾಮಕ್ಕೆ ಕಳುಹಿಸಿ, ಮೂರು ಬಣ್ಣಗಳ ಬ್ಲಾಕು ತಯಾರಿಸುವ ವಿದ್ಯೆಯನ್ನೂ ಛಾಯಾಶಿಲಾಮುದ್ರಣವನ್ನೂ ಕಲಿಯುವಂತೆ ಮಾಡಿದರು. ಕತ್ತಲಕೋಣೆಯಲ್ಲಿ ರಾಸಾಯನಿಕಗಳೊಡನೆ ಕೆಲಸ ಮಾಡುವ ಅಭ್ಯಾಸ ಇಲ್ಲಿಂದ ಬಂತು.

ಅನಂತರ ಗೋಧ್ರಾದಲ್ಲಿ ಛಾಯಾಚಿತ್ರದ ಅಂಗಡಿ ಇಟ್ಟರು. ಶತಮಾನದ ಕೊನೆಯ ಆ ವರ್ಷಗಳು ಪ್ಲೇಗಿನ ವರ್ಷಗಳು. ಮಹಾಮಾರಿಯು ಅವರ ಪತ್ನಿಯನ್ನೂ ಮಗುವನ್ನೂ ಕೊಂಡೊಯ್ದಿತು. ಅಂಗಡಿ ಮುಚ್ಚಿತು. ಬಡೋದೆಗೆ ಮರಳಿ ಮತ್ತೆ ಛಾಯಾಚಿತ್ರಣವನ್ನು ಆರಂಭಿಸಿದರೆ, ಕ್ಯಾಮೆರಾವು ಮನುಷ್ಯನ ಸತ್ತ್ವವನ್ನು ಹೀರಿ ಆಯುಷ್ಯವನ್ನು ಕಡಿಮೆಮಾಡುತ್ತದೆಂಬ ಜನರ ಭಯದಿಂದ ಗಿರಾಕಿಗಳು ಬರಲಿಲ್ಲ. ಇದೇ ಕಾಲದಲ್ಲಿ ಕಾರ್ಲ್ ಹರ್ಟ್ಜ್ ಎಂಬ ಐಂದ್ರಜಾಲಿಕನ ಪರಿಚಯವಾಗಿ ಜಾದೂವಿದ್ಯೆಯನ್ನೂ ಕಲಿತರು. ತಮ್ಮ ಅಡ್ಡಹೆಸರಿನ ಅಕ್ಷರಗಳನ್ನು ತಿರುಗಿಸಿ ಪ್ರೊಫೆಸರ್ ಕೇಳ್ಫಾ ಎಂಬ ಹೆಸರಿನಲ್ಲಿ ಪ್ರದರ್ಶನ ನೀಡಿದರು. ಫ್ರಾನ್ಸಿನಲ್ಲಿ ಚಲನಚಿತ್ರಕ್ಕೆ ಮಾಯಾಲೋಕದ ಬಾಗಿಲು ತೆರೆದ ಜಾರ್ಜ್ ಮೇಲಿಯೇ ಕೂಡ ವೃತ್ತಿಯಿಂದ ಜಾದೂಗಾರನಾಗಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.

1902ರಲ್ಲಿ ಫಾಳಕೆಯವರಿಗೆ ಎರಡನೆಯ ವಿವಾಹವಾಯಿತು. ವಧು ಸರಸ್ವತೀಬಾಯಿ, ಕಿರ್ಲೋಸ್ಕರ ನಾಟಕ ಮಂಡಳಿಯ ಒಡೆಯರ ಬಂಧುವರ್ಗಕ್ಕೆ ಸೇರಿದವರು. ಆ ಮಂಡಳಿಯ ಸ್ಥಾಪಕ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ರಂಗಭೂಮಿಯ ಆರಂಭವೆನಿಸಿದ, 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ಸೀತಾಸ್ವಯಂವರಕ್ಕೂ ಕನ್ನಡ ನಾಡಿನಿಂದ ಬಂದ ಭಾಗವತ ಮೇಳದ ಆಟವೇ ಪ್ರೇರಣೆಯಾಗಿತ್ತು. ದೇವತೆಗಳೂ ರಾಕ್ಷಸರೂ ರಂಗದ ಮೇಲೆ ಇಳಿದುಬರುವ ಈ ಪರಂಪರೆಯು ಕನ್ನಡ ಮರಾಠಿಗಳೆರಡಕ್ಕೂ ಸಮಾನವಾದುದು. ಫಾಳಕೆಯವರ ಪೌರಾಣಿಕ ಚಿತ್ರಗಳನ್ನು ನೋಡಲು ಪ್ರೇಕ್ಷಕರ ಕಣ್ಣನ್ನು ಸಿದ್ಧಪಡಿಸಿದ್ದು ಇಂಥ ರಂಗಭೂಮಿಯೇ.

ಅಚ್ಚುಕೂಟದ ವರ್ಷಗಳು

1903ರಲ್ಲಿ ಫಾಳಕೆಯವರು ಸರಕಾರದ ಪುರಾತತ್ತ್ವ ಇಲಾಖೆಯಲ್ಲಿ ಛಾಯಾಚಿತ್ರಕಾರರಾಗಿ ಸೇರಿದರು. ಸಂಬಳ ಬರುವ ಕೆಲಸ, ಆದರೂ ಬಹುಕಾಲ ಅಲ್ಲಿ ನಿಲ್ಲಲಿಲ್ಲ. ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿದ್ದ 1906ರಲ್ಲಿ ನೌಕರಿಗೆ ರಾಜೀನಾಮೆಯಿತ್ತು ಲೋಣಾವಳದಲ್ಲಿ ಸ್ವಂತ ಮುದ್ರಣಾಲಯವನ್ನು ತೆರೆದರು. ರಾಜಾ ರವಿವರ್ಮನ ಮುದ್ರಣಾಲಯಕ್ಕೆ ಬೇಕಾದ ಛಾಯಾಶಿಲಾಮುದ್ರಣದ ಕೆಲಸವೇ ಅಲ್ಲಿ ಹೆಚ್ಚಾಗಿ ನಡೆಯುತ್ತಿತ್ತು. ರವಿವರ್ಮನ ಲಕ್ಷ್ಮಿ, ಸರಸ್ವತಿಯರು ಅಚ್ಚಿನ ಮೂಲಕ ದೇವಾಲಯದ ಹೊಸ್ತಿಲು ದಾಟಿ ಬಡವರ ಗೋಡೆಯ ಮೇಲೂ ನೆಲೆಗೊಂಡ ಕಾಲವದು. ಆ ಕೆಲಸದಲ್ಲಿ ತೊಡಗಿದ್ದ ಫಾಳಕೆಯವರಿಗೆ ಒಂದು ಸಂಗತಿ ಹತ್ತಿರದಿಂದ ತಿಳಿದಿತ್ತು: ಒಂದು ಮೂಲಚಿತ್ರದಿಂದ ಸಾವಿರಾರು ಪ್ರತಿಗಳನ್ನು ತೆಗೆದು ದೇಶದ ಮೂಲೆಮೂಲೆಗೂ ಕಳುಹಿಸಬಹುದು. ಚಲನಚಿತ್ರದ ವ್ಯಾಪಾರವೂ ಇದೇ ತತ್ತ್ವದ ಮೇಲೆ ನಿಂತಿದೆ.

ಮುದ್ರಣಾಲಯವು ಮುಂಬಯಿಯ ದಾದರಿಗೆ ಬಂದು ಬೆಳೆಯಿತು. 1909ರಲ್ಲಿ ಫಾಳಕೆಯವರು ಜರ್ಮನಿಗೆ ಹೋಗಿ ಬಣ್ಣದ ಮುದ್ರಣದ ಯಂತ್ರಗಳನ್ನು ಕಂಡುಬಂದರು. ಆದರೆ ಪಾಲುದಾರರೊಡನೆ ವೈಮನಸ್ಯ ಹುಟ್ಟಿ, ತಾವೇ ಕಟ್ಟಿದ ಸಂಸ್ಥೆಯಿಂದ ಬರಿಗೈಯಲ್ಲಿ ಹೊರಬಂದರು. ಕಸುಬಿನಲ್ಲಿ ಅಪಾರ ನಿಷ್ಠೆ, ಹಣದ ಲೆಕ್ಕಾಚಾರದಲ್ಲಿ ಅಷ್ಟೇ ಅಸಹನೆ: ಈ ಗುಣ ಅವರ ಬದುಕಿನಲ್ಲಿ ಮುಂದೆಯೂ ಮರುಕಳಿಸಿತು.

ತೆರೆಯ ಮೇಲೆ ಕಂಡ ದಾರಿ

ಚಲನಚಿತ್ರವೆಂದರೆ ಮೂಲತಃ ಚಲಿಸದ ಚಿತ್ರಗಳ ಸಾಲು. ಒಂದಕ್ಕಿಂತ ಒಂದು ತುಸುವೇ ಬೇರೆಯಾದ ನಿಶ್ಚಲ ಚಿತ್ರಗಳನ್ನು ಸೆಕೆಂಡಿಗೆ ಸುಮಾರು 16ರಂತೆ ಕಣ್ಣೆದುರು ಹಾಯಿಸಿದರೆ, ಅವು ಬೇರೆಬೇರೆಯೆಂಬುದು ನಮಗೆ ತಿಳಿಯದೆ ಒಂದೇ ಅಖಂಡ ಚಲನೆಯಾಗಿ ತೋರುತ್ತವೆ. ಈ ತತ್ತ್ವವನ್ನು ಬಳಸಿದ ಲೂಮಿಯೇ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ತಮ್ಮ ಚಿತ್ರಗಳನ್ನು ತೋರಿಸಿದರು. ಸುಮಾರು ಆರು ತಿಂಗಳ ಬಳಿಕ, 1896ರ ಜುಲೈ 7ರಂದು, ಅವೇ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನಗೊಂಡವು. 1899ರಲ್ಲಿ ಸಾವೇದಾದಾ ಎಂದು ಖ್ಯಾತರಾದ ಹರಿಶ್ಚಂದ್ರ ಸಖಾರಾಮ ಭಾಟವಡೇಕರರು ಮುಂಬಯಿಯಲ್ಲಿ ಒಂದು ಕುಸ್ತಿಯನ್ನು ಚಿತ್ರೀಕರಿಸಿದರು. ಆದರೆ ತೆರೆಯ ಮೇಲೆ ಕಥೆ ಹೇಳುವ ಚಿತ್ರಗಳು ಮಾತ್ರ ಹಡಗಿನಲ್ಲಿ ಪರದೇಶದಿಂದಲೇ ಬರುತ್ತಿದ್ದವು.

ಅಂಥದೊಂದು ಚಿತ್ರವನ್ನು 1911ರ ಸುಮಾರಿಗೆ ಮುಂಬಯಿಯ ಅಮೇರಿಕಾ ಇಂಡಿಯಾ ಪಿಕ್ಚರ್ ಪ್ಯಾಲೇಸಿನಲ್ಲಿ ಫಾಳಕೆಯವರು ನೋಡಿದರು. ಅದು ಯೇಸುಕ್ರಿಸ್ತನ ಜೀವನವನ್ನು ಕುರಿತುದು. ತೆರೆಯ ಮೇಲೆ ಕ್ರಿಸ್ತನು ನಡೆಯುತ್ತಿದ್ದಂತೆ ಅವರ ಮನಸ್ಸಿನಲ್ಲಿ ಶ್ರೀಕೃಷ್ಣನೂ ಶ್ರೀರಾಮನೂ ಗೋಕುಲವೂ ಅಯೋಧ್ಯೆಯೂ ಮೂಡಿದವೆಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ಮತ್ತೆ ಪತ್ನಿಯನ್ನು ಕರೆದೊಯ್ದು ಆ ಚಿತ್ರವನ್ನು ತೋರಿಸಿದರು. ಚಿತ್ರಕಲೆ, ಛಾಯಾಚಿತ್ರ, ಅಚ್ಚು, ಶಿಲ್ಪ, ಜಾದೂ, ನಾಟಕ: ಇದುವರೆಗೆ ಚೆದರಿಹೋದಂತೆ ಕಾಣುತ್ತಿದ್ದ ವಿದ್ಯೆಗಳೆಲ್ಲ ಬೇಕಾಗುವ ಕೆಲಸವೊಂದು ಅವರಿಗೆ ಕೊನೆಗೂ ಕಾಣಿಸಿತು.

ಮುಂದಿನ ತಿಂಗಳುಗಳಲ್ಲಿ ಅವರು ದಿನವೂ ಚಿತ್ರಮಂದಿರಕ್ಕೆ ಹೋದರು. ಮನೆಯಲ್ಲಿ ಚಿಕ್ಕ ಉಪಕರಣಗಳೊಡನೆ ಪ್ರಯೋಗ ಮಾಡಿದರು. ನಿದ್ರೆಯಿಲ್ಲದ ಈ ದುಡಿಮೆಯಿಂದ ದೃಷ್ಟಿ ಮಂಕಾಗಿ ಕುರುಡಾಗುವ ಸ್ಥಿತಿ ಬಂತು. ವೈದ್ಯರ ಉಪಚಾರದಿಂದ ಚೇತರಿಸಿಕೊಂಡೊಡನೆ ಜೀವವಿಮೆಯ ಪಾಲಿಸಿಯನ್ನು ಅಡವಿಟ್ಟು ಸಾಲ ತಂದು, 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ಬಯೋಸ್ಕೋಪ್ ಎಂಬ ವಾರಪತ್ರಿಕೆಯ ಸಂಪಾದಕ ಕ್ಯಾಬೋರ್ನ್ ಮೊದಲು ಅವರನ್ನು ತಡೆಯಲು ನೋಡಿದನಾದರೂ, ಅವರ ನಿರ್ಧಾರವನ್ನು ಕಂಡು ಸೆಸಿಲ್ ಹೆಪ್ವರ್ತ್ ಎಂಬ ಹೆಸರಾಂತ ನಿರ್ಮಾಪಕನ ಪರಿಚಯ ಮಾಡಿಸಿದನು. ಹೆಪ್ವರ್ತನ ಸ್ಟುಡಿಯೋದಲ್ಲಿ ಕೆಲಸವನ್ನು ಕಣ್ಣಾರೆ ಕಂಡು, ವಿಲಿಯಮ್ಸನ್ ಕ್ಯಾಮೆರಾ ಹಾಗೂ ಫಿಲ್ಮಿಗೆ ರಂಧ್ರ ಕೊರೆಯುವ ಯಂತ್ರವನ್ನು ಕೊಂಡು, ಏಪ್ರಿಲ್ ಆರಂಭದಲ್ಲಿ ತಾಯ್ನಾಡಿಗೆ ಮರಳಿದರು.

ಬಂದೊಡನೆ ಕಥಾಚಿತ್ರಕ್ಕೆ ಕೈಹಾಕಲಿಲ್ಲ. ಒಂದು ಕುಂಡದಲ್ಲಿ ಬಟಾಣಿಯ ಕಾಳನ್ನು ಬಿತ್ತಿ, ಅದರ ಮುಂದೆ ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ಮೊಳಕೆಯೊಡೆದು ಬಳ್ಳಿಯಾಗುವವರೆಗೆ ದಿನದಿನವೂ ಬಿಡಿಬಿಡಿಯಾಗಿ ಚಿತ್ರಗಳನ್ನು ತೆಗೆದರು. ವಾರಗಟ್ಟಲೆ ನಡೆದ ಬೆಳವಣಿಗೆಯು ತೆರೆಯ ಮೇಲೆ ಒಂದೇ ನಿಮಿಷದಷ್ಟು ಹೊತ್ತಿನಲ್ಲಿ ಕಣ್ಣೆದುರು ನಡೆಯಿತು. ಅಂಕುರಾಚೀ ವಾಢ, ಅಂದರೆ ಮೊಳಕೆಯ ಬೆಳವಣಿಗೆ ಎಂಬ ಈ ಕಿರುಚಿತ್ರವನ್ನು ಕಂಡಮೇಲೆ ಹಣವಂತರಿಗೆ ನಂಬಿಕೆ ಬಂದು ಸಾಲ ಹುಟ್ಟಿತು. ಆ ಸಾಲಕ್ಕೆ ಆಧಾರವಾಗಿ ಸರಸ್ವತೀಬಾಯಿಯವರ ಒಡವೆಗಳು ಹೋದವು.

ಹರಿಶ್ಚಂದ್ರನ ಕಾರಖಾನೆ

ಮೊದಲ ಚಿತ್ರಕ್ಕೆ ಆರಿಸಿದ ಕಥೆ ಹರಿಶ್ಚಂದ್ರನದು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ರಾಘವಾಂಕನಿಂದ ಪರಿಚಿತವಾದ ಈ ವಸ್ತುವು ಭಾರತದ ಎಲ್ಲ ಭಾಷೆಗಳಲ್ಲಿಯೂ ಯಾವುದಾದರೊಂದು ರೂಪದಲ್ಲಿ ಇತ್ತು. ಮಾತಿಲ್ಲದ ಚಿತ್ರಕ್ಕೆ ಇದಕ್ಕಿಂತ ತಕ್ಕ ವಸ್ತು ದೊರೆಯಲಾರದು. ರಾಜ್ಯ ತೊರೆಯುವ ರಾಜ, ಮಾರಾಟವಾಗುವ ರಾಣಿ, ಸ್ಮಶಾನದಲ್ಲಿ ಮಗನ ಶವ: ಇವುಗಳನ್ನು ಕಂಡ ಪ್ರೇಕ್ಷಕನಿಗೆ ವಿವರಣೆ ಬೇಕಿರಲಿಲ್ಲ. ನಡುನಡುವೆ ಬರುವ ಹಿಂದಿ, ಇಂಗ್ಲಿಷ್ ಬರಹದ ಫಲಕಗಳನ್ನು ಓದಲಾರದವನೂ ಕಥೆಯನ್ನು ತನ್ನ ಭಾಷೆಯಲ್ಲಿಯೇ ಮನಸ್ಸಿನೊಳಗೆ ಹೇಳಿಕೊಳ್ಳಬಲ್ಲವನಾಗಿದ್ದ.

ದಾದರಿನ ಮನೆಯೇ ಸ್ಟುಡಿಯೋ ಆಯಿತು. ಹರಿಶ್ಚಂದ್ರನ ಪಾತ್ರಕ್ಕೆ ದತ್ತಾತ್ರೇಯ ದಾಮೋದರ ದಾಬಕೆಯವರು ದೊರೆತರು. ತಾರಾಮತಿಯ ಪಾತ್ರಕ್ಕೆ ಮಾತ್ರ ಹೆಣ್ಣೊಬ್ಬಳೂ ಒಪ್ಪಲಿಲ್ಲ. ವೇಶ್ಯೆಯರು ಕೂಡ ಕ್ಯಾಮೆರಾದ ಮುಂದೆ ನಿಲ್ಲುವುದು ಅಗೌರವವೆಂದು ಹಿಂದೆಗೆದರು. ಕೊನೆಗೆ ಗ್ರಾಂಟ್ ರೋಡಿನ ಉಪಾಹಾರಗೃಹವೊಂದರಲ್ಲಿ ಅಡುಗೆಯ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ತರುಣನ ಮೃದುವಾದ ಅಂಗಸೌಷ್ಠವವು ಫಾಳಕೆಯವರ ಕಣ್ಣಿಗೆ ಬಿತ್ತು. ತಿಂಗಳಿಗೆ 10 ರೂಪಾಯಿ ಪಡೆಯುತ್ತಿದ್ದ ಅವನನ್ನು 15 ರೂಪಾಯಿಗೆ ಒಪ್ಪಿಸಿ ತಾರಾಮತಿಯನ್ನಾಗಿ ಮಾಡಿದರು. ಕಥೆಯಲ್ಲಿ ಸಾಯುವ ರೋಹಿತಾಶ್ವನಾಗಿ ತಮ್ಮ ಮಗುವನ್ನು ಕಳುಹಿಸಲು ಯಾವ ತಂದೆತಾಯಿಯೂ ಒಪ್ಪದಿದ್ದಾಗ, ಫಾಳಕೆಯವರ ಹಿರಿಯ ಮಗ ಭಾಲಚಂದ್ರನೇ ಆ ಪಾತ್ರವನ್ನು ವಹಿಸಿದ. ಸಿನೆಮಾದಲ್ಲಿ ದುಡಿಯುತ್ತೇವೆಂದು ಹೇಳಿಕೊಳ್ಳಲು ನಾಚುತ್ತಿದ್ದವರಿಗೆ, ಹರಿಶ್ಚಂದ್ರ ಎಂಬವರ ಕಾರಖಾನೆಯಲ್ಲಿ ಕೆಲಸವೆಂದು ಹೇಳುವಂತೆ ಫಾಳಕೆಯವರು ಸೂಚಿಸಿದ್ದರು.

ಹೊರಾಂಗಣದ ಚಿತ್ರೀಕರಣಕ್ಕೆ ವಾಂಗಣಿ ಎಂಬ ಹಳ್ಳಿಗೆ ಹೋದಾಗ ಒಂದು ವಿನೋದವೂ ನಡೆಯಿತು. ಫಾಳಕೆಯವರಿಗಿಂತ ಮುಂದಾಗಿ ಹೋದ ತಂಡದ ಕೈಯಲ್ಲಿದ್ದ ಕತ್ತಿ, ಈಟಿಗಳನ್ನು ಕಂಡು ಹಳ್ಳಿಯವರು ಇವರನ್ನು ದರೋಡೆಕೋರರೆಂದು ಬಗೆದರು. ಸುದ್ದಿ ತಿಳಿದ ಫೌಜದಾರನು ತಂಡವನ್ನು ಹಿಡಿದಿಟ್ಟ. ಫಾಳಕೆಯವರು ಬಂದು ಕ್ಯಾಮೆರಾವನ್ನು ತೋರಿಸಿ ಚಿತ್ರೀಕರಣವೆಂದರೇನೆಂದು ವಿವರಿಸಿದ ಮೇಲೆಯೇ ರಾಜಪರಿವಾರಕ್ಕೆ ಬಿಡುಗಡೆ.

ಈ ಕಾರಖಾನೆಯ ನಿಜವಾದ ಆಧಾರಸ್ತಂಭ ಸರಸ್ವತೀಬಾಯಿ. ತಂಡದ ಅರುವತ್ತು ಎಪ್ಪತ್ತು ಜನರಿಗೆ ಅಡುಗೆ ಮಾಡಿ ಬಡಿಸುವುದು ಅವರ ಹಗಲಿನ ಕೆಲಸಗಳಲ್ಲಿ ಒಂದು. ಬಿಸಿಲಿನಲ್ಲಿ ಬಿಳಿಯ ಬಟ್ಟೆಯನ್ನು ಹಿಡಿದು ನಿಂತು ನಟರ ಮುಖಕ್ಕೆ ಬೆಳಕನ್ನು ತಿರುಗಿಸುವುದು ಇನ್ನೊಂದು. ಅಂದು ಬರುತ್ತಿದ್ದ ಕಚ್ಚಾ ಫಿಲ್ಮಿಗೆ ಅಂಚಿನ ರಂಧ್ರಗಳಿರಲಿಲ್ಲ. ರಂಧ್ರಗಳಿಲ್ಲದೆ ಅದು ಕ್ಯಾಮೆರಾದ ಹಲ್ಲುಗಳಿಗೆ ಸಿಕ್ಕಿ ಮುಂದೆ ಸರಿಯುವಂತಿರಲಿಲ್ಲ. ಒಂದು ಕಿರಣ ಸೋಕಿದರೂ ಫಿಲ್ಮು ಕೆಡುವುದರಿಂದ, ಮನೆಯವರೆಲ್ಲ ಮಲಗಿದ ಮೇಲೆ ಕತ್ತಲಲ್ಲಿ ಕುಳಿತು ಆ ರಂಧ್ರಗಳನ್ನು ಕೊರೆಯುವುದು, ರಾಸಾಯನಿಕಗಳನ್ನು ಬೆರೆಸಿ ಫಿಲ್ಮನ್ನು ತೊಳೆಯುವುದು ಅವರ ರಾತ್ರಿಯ ಕೆಲಸ. ಕ್ಯಾಮೆರಾದ ಮುಂದೆ ಹೆಣ್ಣೊಬ್ಬಳೂ ಬರಲು ಒಪ್ಪದ ಆ ಚಿತ್ರವು ಕ್ಯಾಮೆರಾದ ಹಿಂದೆ ಒಬ್ಬ ಗೃಹಿಣಿಯ ಕೈಯಿಂದ ರೂಪುಗೊಂಡಿತು. ಆಕೆಯ ಹೆಸರು ಯಾವ ಜಾಹೀರಾತಿನಲ್ಲಿಯೂ ಬರಲಿಲ್ಲ.

ಆರು ತಿಂಗಳಿಗಿಂತ ಹೆಚ್ಚು ಕಾಲ ದುಡಿದಾಗ 3,700 ಅಡಿ ಉದ್ದದ, ನಾಲ್ಕು ರೀಲುಗಳ ರಾಜಾ ಹರಿಶ್ಚಂದ್ರ ಸಿದ್ಧವಾಯಿತು. 1913ರ ಏಪ್ರಿಲ್ 21ರಂದು ಒಲಿಂಪಿಯಾ ಚಿತ್ರಮಂದಿರದಲ್ಲಿ ಗಣ್ಯರಿಗೂ, ಮೇ 3ರಂದು ಗಿರಗಾಂವಿನ ಕಾರೋನೇಶನ್ ಚಿತ್ರಮಂದಿರದಲ್ಲಿ ಸಾರ್ವಜನಿಕರಿಗೂ ಅದರ ಪ್ರದರ್ಶನವಾಯಿತು. ಬರಿಯ ಚಿತ್ರವನ್ನು ನೋಡಲು ಜನ ಬರುವರೋ ಇಲ್ಲವೋ ಎಂಬ ಶಂಕೆಯಿಂದ ನೃತ್ಯ, ಕಸರತ್ತುಗಳನ್ನೂ ಜೊತೆಗೆ ಇರಿಸಲಾಗಿತ್ತು. ಶಂಕೆ ಸುಳ್ಳಾಯಿತು. ಜನರು ಮುಗಿಬಿದ್ದುದರಿಂದ ಪ್ರದರ್ಶನದ ಅವಧಿಯನ್ನು ವಿಸ್ತರಿಸಬೇಕಾಯಿತು.

ಇದಕ್ಕೆ ಒಂದು ವರ್ಷ ಮೊದಲೇ, 1912ರ ಮೇ ತಿಂಗಳಲ್ಲಿ, ದಾದಾಸಾಹೇಬ ತೋರಣೆಯವರ ಶ್ರೀ ಪುಂಡಲೀಕ ಮುಂಬಯಿಯಲ್ಲಿ ತೆರೆಕಂಡಿತ್ತು. ಆದ್ದರಿಂದ ಮೊದಲಿಗರು ಯಾರೆಂಬ ಚರ್ಚೆ ಇಂದಿಗೂ ನಡೆಯುತ್ತದೆ. ಪುಂಡಲೀಕವು ಆಡುತ್ತಿದ್ದ ನಾಟಕವೊಂದರ ಚಿತ್ರೀಕರಣ. ಕ್ಯಾಮೆರಾ ಹಿಡಿದವನು ಆಂಗ್ಲನು. ಫಿಲ್ಮಿನ ಸಂಸ್ಕರಣವೂ ಲಂಡನ್ನಿನಲ್ಲಿ ನಡೆಯಿತು. ಹರಿಶ್ಚಂದ್ರವು ತೆರೆಗಾಗಿಯೇ ಕಲ್ಪಿಸಿದುದು. ಅದರ ಪ್ರತಿಯೊಂದು ಹಂತವೂ ಇಲ್ಲಿಯವರ ಕೈಯಲ್ಲಿ ಮುಗಿದುದು. ತೋರಣೆಯವರ ಸಾಹಸವನ್ನು ಮರೆಯದೆ ಫಾಳಕೆಯವರ ಹಿರಿಮೆಯನ್ನು ಒಪ್ಪುವುದು ನ್ಯಾಯವಾದ ಮಾರ್ಗ.

ನಾಸಿಕದ ವೈಭವ

ಅದೇ ವರ್ಷ ಫಾಳಕೆಯವರು ನಾಸಿಕಕ್ಕೆ ನೆಲೆ ಬದಲಿಸಿದರು. ಎರಡನೆಯ ಚಿತ್ರ ಮೋಹಿನೀ ಭಸ್ಮಾಸುರದಲ್ಲಿ ದುರ್ಗಾಬಾಯಿ ಕಾಮತರು ಪಾರ್ವತಿಯಾಗಿಯೂ ಅವರ ಮಗಳು ಕಮಲಾಬಾಯಿ ಮೋಹಿನಿಯಾಗಿಯೂ ಅಭಿನಯಿಸಿದರು. ಹಿಂದಿನ ವರ್ಷ ಮುಚ್ಚಿದ್ದ ಬಾಗಿಲನ್ನು ತಾಯಿ ಮಗಳಿಬ್ಬರು ಹೀಗೆ ತೆರೆದರು. 1914ರಲ್ಲಿ ತಮ್ಮ ಚಿತ್ರಗಳನ್ನು ಲಂಡನ್ನಿಗೆ ಒಯ್ದು ತೋರಿಸಿದಾಗ, ಅಲ್ಲಿಯೇ ಉಳಿದು ಚಿತ್ರ ನಿರ್ಮಿಸುವಂತೆ ಅವರಿಗೆ ಆಹ್ವಾನ ಬಂದಿತು. ನಾಸಿಕದಲ್ಲಿ ತಮ್ಮನ್ನೇ ನಂಬಿದ್ದ ಕೆಲಸಗಾರರನ್ನು ಬಿಡಲಾರದೆ ಅದನ್ನು ನಿರಾಕರಿಸಿ ಮರಳಿದರು. ಅಷ್ಟರಲ್ಲಿ ಮಹಾಯುದ್ಧ ಆರಂಭವಾಯಿತು, ಹಣ ಕೊಡುವವರು ಹಿಂದೆಗೆದರು, ಕೆಲಸ ನಿಂತಿತು.

ಆ ಬರಗಾಲ ನೀಗಿದ್ದು 1917ರ ಲಂಕಾದಹನದಿಂದ. ಅದರಲ್ಲಿ ರಾಮನೂ ಸೀತೆಯೂ ಅಣ್ಣಾ ಸಾಳುಂಕೆಯೇ. ತೆರೆಯ ಮೇಲೆ ರಾಮನು ಬಂದಾಗ ಪ್ರೇಕ್ಷಕರು ಎದ್ದು ಕೈಮುಗಿಯುತ್ತಿದ್ದರೆಂದೂ, ಮದರಾಸಿನಲ್ಲಿ ಟಿಕೆಟ್ಟಿನ ನಾಣ್ಯಗಳನ್ನು ಚೀಲಗಳಲ್ಲಿ ತುಂಬಿ ಎತ್ತಿನ ಗಾಡಿಯಲ್ಲಿ ಸಾಗಿಸಬೇಕಾಯಿತೆಂದೂ ಪ್ರತೀತಿಯಿದೆ. 1918ರ ಆರಂಭದಲ್ಲಿ ಮುಂಬಯಿಯ ವ್ಯಾಪಾರಿಗಳ ಪಾಲುದಾರಿಕೆಯಲ್ಲಿ ಹಿಂದೂಸ್ಥಾನ ಸಿನೆಮಾ ಫಿಲ್ಮ್ಸ್ ಕಂಪನಿಯು ಸ್ಥಾಪನೆಯಾಯಿತು. ಶ್ರೀಕೃಷ್ಣಜನ್ಮ ಮತ್ತು 1919ರ ಕಾಲಿಯಾಮರ್ದನ ಈ ಸಂಸ್ಥೆಯ ಕೊಡುಗೆಗಳು.

ಕಾಲಿಯಾಮರ್ದನದಲ್ಲಿ ಬಾಲಕೃಷ್ಣನಾದವಳು ಫಾಳಕೆಯವರ ಪುಟ್ಟ ಮಗಳು ಮಂದಾಕಿನಿ. ಚಿತ್ರದ ಆರಂಭದಲ್ಲಿ ಅವಳ ಮುಖದ ಮೇಲೆ ನಾನಾ ಭಾವಗಳು ಮೂಡಿ ಮರೆಯಾಗುವುದನ್ನು ಸಮೀಪದಿಂದ ತೋರಿಸಿ, ಬಳಿಕವೇ ಅವಳನ್ನು ಕೃಷ್ಣನ ವೇಷದಲ್ಲಿ ಕಾಣಿಸುತ್ತಾರೆ. ನಮ್ಮ ಮನೆಯ ಹುಡುಗಿಯಂಥ ಒಬ್ಬಳು ಕಣ್ಣೆದುರಿಗೇ ದೇವರಾಗುವ ಈ ಕ್ರಮದಲ್ಲಿ ಚಿತ್ರಕಾರ, ಜಾದೂಗಾರ ಮತ್ತು ತಂದೆ ಮೂವರೂ ಒಂದಾಗಿದ್ದಾರೆ. ಪುರಾಣಗಳ ಜೊತೆಗೆ ಬೆಂಕಿಕಡ್ಡಿಗಳನ್ನು ಕುಣಿಸುವ ಕಿರುಚಿತ್ರವನ್ನೂ, ಚಿತ್ರಪಟವು ಹೇಗೆ ತಯಾರಾಗುತ್ತದೆಂಬುದನ್ನು ತೋರಿಸುವ ಇನ್ನೊಂದನ್ನೂ ಅವರು ತೆಗೆದರು. ತಮ್ಮ ವಿದ್ಯೆಯ ಗುಟ್ಟನ್ನು ಜಾದೂಗಾರನಂತೆ ಮುಚ್ಚಿಡದೆ ಅಧ್ಯಾಪಕನಂತೆ ಬಿಡಿಸಿ ತೋರಿದರು.

ಮಾತು ಬಂದ ಮೇಲೆ

ಪಾಲುದಾರರೊಡನೆ ಮತ್ತೆ ವಿರಸ ಹುಟ್ಟಿತು. ಚಿತ್ರವು ಚೆನ್ನಾಗಿ ಬರುವವರೆಗೆ ಖರ್ಚನ್ನು ಎಣಿಸದ ಕಲಾವಿದ ಒಂದು ಕಡೆ. ಬಂಡವಾಳಕ್ಕೆ ಲೆಕ್ಕ ಕೇಳುವ ವ್ಯಾಪಾರಿಗಳು ಇನ್ನೊಂದು ಕಡೆ. ವ್ಯಾಪಾರಿಗಳ ಪ್ರಶ್ನೆಗಳೆಲ್ಲವೂ ಅನ್ಯಾಯದವಾಗಿದ್ದವೆಂದು ಹೇಳಲಾಗದು. ಫಾಳಕೆಯವರಿಗೆ ಮಾತ್ರ ಅವನ್ನು ಕೇಳುವ ಸಹನೆ ಇರಲಿಲ್ಲ. ಅವರು ಎಲ್ಲವನ್ನೂ ಬಿಟ್ಟು ಸಂಸಾರಸಮೇತ ಕಾಶಿಗೆ ಹೊರಟುಹೋದರು. ಅಲ್ಲಿ ರಂಗಭೂಮಿ ಎಂಬ ಮರಾಠಿ ನಾಟಕವನ್ನು ಬರೆದರು. ಕೆಲವು ವರ್ಷಗಳ ಬಳಿಕ ಸಂಸ್ಥೆಗೆ ಮರಳಿದರೂ ಹಳೆಯ ಸ್ಥಾನ ಮರಳಲಿಲ್ಲ.

1931ರಲ್ಲಿ ಆಲಂ ಆರಾ ತೆರೆಗೆ ಬಂದು ಚಿತ್ರವು ಮಾತನಾಡತೊಡಗಿತು. ಫಾಳಕೆಯವರು ಮೂಕಿಯಾಗಿ ತೆಗೆದ ಸೇತುಬಂಧನಕ್ಕೆ ಅನಂತರ ಧ್ವನಿಯನ್ನು ಜೋಡಿಸಬೇಕಾಯಿತು. ಅವರು ಮೊದಲಿನಿಂದಲೇ ವಾಕ್ಚಿತ್ರವಾಗಿ ನಿರ್ದೇಶಿಸಿದುದು ಒಂದೇ: ಕೊಲ್ಲಾಪುರದಲ್ಲಿ ತಯಾರಾಗಿ 1937ರಲ್ಲಿ ಬಿಡುಗಡೆಯಾದ ಗಂಗಾವತರಣ. ಅದೇ ಅವರ ಕೊನೆಯ ಚಿತ್ರವೂ ಆಯಿತು.

ಕೊಲ್ಲಾಪುರದ ಹೆಸರು ಕನ್ನಡಿಗರಿಗೂ ಮುಖ್ಯವಾದುದು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ಚಿತ್ರೀಕರಣಗೊಂಡುದು ಅದೇ ಊರಿನ ಛತ್ರಪತಿ ಸ್ಟುಡಿಯೋದಲ್ಲಿ. ಅದು ತೆರೆಕಂಡುದು 1934ರ ಮಾರ್ಚ್ 3ರಂದು. ಮೂಕಿಯ ಕಾಲದಲ್ಲಿ ನಾಸಿಕದಲ್ಲಿ ತಯಾರಾದ ಚಿತ್ರವನ್ನು ಮದರಾಸಿನ ಪ್ರೇಕ್ಷಕನೂ ತನ್ನದೆಂದು ನೋಡುತ್ತಿದ್ದ. ಮಾತು ಬಂದೊಡನೆ ಪ್ರತಿಯೊಂದು ಭಾಷೆಗೂ ತನ್ನದೇ ಚಿತ್ರ ದೊರೆಯಿತು. ಅದರೊಡನೆ ಭಾಷೆಯ ಗಡಿಯೂ ತೆರೆಯ ಮೇಲೆ ಬಂದಿತು. ಆದರೆ ಮರಾಠಿ ನೆಲದ ಸ್ಟುಡಿಯೋದಲ್ಲಿ ಕನ್ನಡವು ತೆರೆಗಾಗಿ ಮೊದಲು ಮಾತನಾಡಿತೆಂಬುದು ಗಡಿಭಾಗದವರು ನೆನಪಿಡತಕ್ಕ ಸಂಗತಿ.

ಕೊನೆಯ ವರ್ಷಗಳನ್ನು ಫಾಳಕೆಯವರು ನಾಸಿಕದಲ್ಲಿ ಬಡತನದಲ್ಲಿಯೇ ಕಳೆದರು. 1939ರಲ್ಲಿ ಭಾರತೀಯ ಚಿತ್ರೋದ್ಯಮದ ರಜತಮಹೋತ್ಸವ ನಡೆದಾಗ ಚಿತ್ರರಂಗದವರು ಕೂಡಿ ಅವರಿಗೆ ಸ್ವಲ್ಪ ನೆರವು ನೀಡಿದರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಚಿತ್ರ ತೆಗೆಯಲು ಸರಕಾರದ ಪರವಾನಿಗೆ ಬೇಕಾಗಿತ್ತು. ಎಪ್ಪತ್ತು ದಾಟಿದ ಆ ವೃದ್ಧರು ಇನ್ನೂ ಒಂದು ಚಿತ್ರಕ್ಕಾಗಿ ಅರ್ಜಿ ಸಲ್ಲಿಸಿದರು. ನಿರಾಕರಣೆಯ ಪತ್ರ ಬಂದಿತು. ಅದಾದ ಕೆಲವೇ ದಿನಗಳಲ್ಲಿ, 1944ರ ಫೆಬ್ರವರಿ 16ರಂದು, ಅವರು ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿ ಆರಂಭವಾದದ್ದು ಇಪ್ಪತ್ತೈದು ವರ್ಷಗಳ ಬಳಿಕ, 1969ರಲ್ಲಿ.

ಅವರು ತೆಗೆದ ಸುಮಾರು ನೂರು ಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ. ರಾಜಾ ಹರಿಶ್ಚಂದ್ರದ ನಾಲ್ಕು ರೀಲುಗಳೂ ಪೂರ್ಣವಾಗಿ ಉಳಿದಿಲ್ಲ. ಪಿ. ಕೆ. ನಾಯರ್ ಅವರ ಪರಿಶ್ರಮದಿಂದ ದೊರೆತ ತುಣುಕುಗಳು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿವೆ. ಚಿತ್ರಪಟದ ತಯಾರಿಕೆಯನ್ನು ತೋರಿಸುವ ಅವರ ಕಿರುಚಿತ್ರದ ಸ್ವಲ್ಪ ಭಾಗವೂ ಉಳಿದಿದೆ. ಅದರಲ್ಲಿ ಫಾಳಕೆಯವರು ಫಿಲ್ಮಿನ ಪಟ್ಟಿಯನ್ನು ಕಣ್ಣಿನ ಸಮೀಪಕ್ಕೆ ಹಿಡಿದು, ಒಂದೊಂದೇ ಚಿತ್ರವನ್ನು ಪರೀಕ್ಷಿಸುತ್ತ ಕುಳಿತಿದ್ದಾರೆ.